ಆ್ಯಮಿಯ ಪಾಲು: ಬಳ್ಳಾರಿಯ ಒಂದು ತರಗತಿಯಲ್ಲಿ 'ಲಿಟಲ್ ವಿಮೆನ್'

ಪ್ರಕರಣದ ಪ್ರಶ್ನೆ

ಬಳ್ಳಾರಿಯ ಪದವಿ ಕಾಲೇಜೊಂದರಲ್ಲಿ ಐಚ್ಛಿಕ ಇಂಗ್ಲಿಷ್ ಓದುವ ವಿದ್ಯಾರ್ಥಿನಿಯರ ಒಂದು ಗುಂಪು ಲೂಯಿಸಾ ಮೇ ಆಲ್ಕಾಟ್ ಅವರ 'ಲಿಟಲ್ ವಿಮೆನ್' ಕಾದಂಬರಿಯ ಸಂಕ್ಷಿಪ್ತ ಆವೃತ್ತಿಯನ್ನು ಮೊದಲು ಓದಿ, ಅನಂತರ ಗ್ರೆಟಾ ಗೆರ್ವಿಗ್ ನಿರ್ದೇಶಿಸಿದ 2019ರ ಚಲನಚಿತ್ರವನ್ನು ನೋಡಿತು. ಓದು ಮುಗಿದಾಗ ಬರೆದುಕೊಟ್ಟ ಟಿಪ್ಪಣಿಗಳಲ್ಲಿ, ನಾಲ್ವರು ಅಕ್ಕತಂಗಿಯರ ಪೈಕಿ ಕಿರಿಯವಳಾದ ಆ್ಯಮಿಯನ್ನು ಹೆಚ್ಚುಕಡಿಮೆ ಎಲ್ಲರೂ ದೂರಿದ್ದರು. ಚಿತ್ರ ನೋಡಿದ ಮೇಲೆ ಬರೆದ ಟಿಪ್ಪಣಿಗಳಲ್ಲಿ ಅವರಲ್ಲೇ ಹೆಚ್ಚಿನವರು ಆ್ಯಮಿಯ ವಕಾಲತ್ತು ವಹಿಸಿದ್ದರು. ಕಥೆಯೇನೂ ಬದಲಾಗಿರಲಿಲ್ಲ. ಚಿತ್ರದ ಆ್ಯಮಿಯೂ ಅಕ್ಕ ಜೋ ಬರೆದ ಹಸ್ತಪ್ರತಿಯನ್ನು ಬೆಂಕಿಗೆ ಹಾಕುತ್ತಾಳೆ, ಜೋ ಹೋಗಬೇಕೆಂದು ಆಸೆಪಟ್ಟಿದ್ದ ಯುರೋಪಿಗೆ ತಾನು ಹೋಗುತ್ತಾಳೆ, ಜೋಳನ್ನು ಪ್ರೀತಿಸಿ ನಿರಾಕರಣೆ ಪಡೆದ ಲಾರಿಯನ್ನು ತಾನು ಮದುವೆಯಾಗುತ್ತಾಳೆ. ಆರೋಪಪಟ್ಟಿ ಹಾಗೆಯೇ ಇರುವಾಗ ತೀರ್ಪು ಮಾತ್ರ ತಿರುಗಿದ್ದು ಹೇಗೆ ಎಂಬುದು ಈ ಪ್ರಕರಣದ ಪ್ರಶ್ನೆ.

ಗುಂಪು ದೊಡ್ಡದಲ್ಲ. ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಕಡೆಯ ಹಳ್ಳಿಗಳಿಂದ ಬಂದು ಹಾಸ್ಟೆಲಿನಲ್ಲಿ ಉಳಿದವರು ಒಂದಷ್ಟು ಮಂದಿ, ಉಳಿದವರು ಬಳ್ಳಾರಿಯವರೇ. ಅವರಲ್ಲಿ ಕೆಲವರ ಮನೆ ಕೌಲ್ ಬಜಾರಿನಲ್ಲಿ. ಹಳ್ಳಿಯವರ ಮನೆಗಳಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿಯ ಹೊಲಗಳಿವೆ, ಕೌಲ್ ಬಜಾರಿನವರ ಮನೆಗಳಲ್ಲಿ ಜೀನ್ಸ್ ಹೊಲಿಯುವ ಯಂತ್ರಗಳಿವೆ. ಈ ಎರಡೂ ಸಂಗತಿ ಮುಂದೆ ಬೇಕಾಗುವುದರಿಂದ ಇಲ್ಲಿಯೇ ಹೇಳಿಡುತ್ತೇನೆ. ಬಳ್ಳಾರಿಯ ತರಗತಿ ಎಂದ ಮೇಲೆ ಮನೆಯಲ್ಲಿ ತೆಲುಗು, ಉರ್ದು, ಕನ್ನಡ ಮಾತಾಡುವವರೆಲ್ಲ ಅದರಲ್ಲಿ ಬೆರೆತಿರುತ್ತಾರೆ. ಚರ್ಚೆ ಕನ್ನಡದಲ್ಲಿ ನಡೆಯಿತು, ಟಿಪ್ಪಣಿಗಳನ್ನು ಯಾವ ಭಾಷೆಯಲ್ಲಿ ಬೇಕಾದರೂ ಬರೆಯಲು ಬಿಡಲಾಗಿತ್ತು. ಯಾರ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ.

ಕಾದಂಬರಿ, ಅದರ ಕೊನೆಯ ಇಕ್ಕಟ್ಟು

ಆಲ್ಕಾಟ್ ಈ ಪುಸ್ತಕವನ್ನು ಮನಸ್ಸಿಟ್ಟು ಆರಂಭಿಸಿದವರಲ್ಲ. ಬಾಸ್ಟನ್ನಿನ ರಾಬರ್ಟ್ಸ್ ಬ್ರದರ್ಸ್ ಪ್ರಕಾಶನದ ಥಾಮಸ್ ನೈಲ್ಸ್ ಹುಡುಗಿಯರಿಗಾಗಿ ಒಂದು ಪುಸ್ತಕ ಬರೆದುಕೊಡಿ ಎಂದು ಕೇಳಿದ್ದರಿಂದ, ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಎಂಬ ಊರಿನ ತಮ್ಮ ಮನೆಯಲ್ಲಿ ಕುಳಿತು 1868ರಲ್ಲಿ ಮೊದಲ ಭಾಗವನ್ನು ಬರೆದರು. ಎರಡನೆಯ ಭಾಗ 1869ರಲ್ಲಿ ಬಂತು. ತಂದೆ ಬ್ರಾನ್ಸನ್ ಆಲ್ಕಾಟ್ ದೊಡ್ಡ ಆದರ್ಶಗಳ ತತ್ತ್ವಜ್ಞಾನಿ, ಸಂಪಾದನೆ ಕಡಿಮೆ. ಮನೆಯನ್ನು ನಡೆಸಿದ್ದು ಹೆಂಗಸರ ದುಡಿಮೆ. ಕಾದಂಬರಿಯ ಅಕ್ಕತಂಗಿಯರು ಬಹುಮಟ್ಟಿಗೆ ಆ ಮನೆಯವರೇ: ಅಕ್ಕ ಆನಾ ಮೆಗ್ ಆದಳು, ಲೂಯಿಸಾ ಜೋ ಆದಳು, 1858ರಲ್ಲಿ ತೀರಿಕೊಂಡ ಎಲಿಜಬೆತ್ ಬೆತ್ ಆದಳು, ಕಿರಿಯ ತಂಗಿ ಮೇ ಆ್ಯಮಿಯಾದಳು.

ಮೊದಲ ಭಾಗ ಓದಿದ ಹುಡುಗಿಯರು ಲೇಖಕಿಗೆ ಪತ್ರ ಬರೆದು, ಈ ಅಕ್ಕತಂಗಿಯರು ಯಾರನ್ನು ಮದುವೆಯಾಗುತ್ತಾರೆ ಎಂದು ಕೇಳತೊಡಗಿದರು. ಹೆಣ್ಣಿನ ಬಾಳಿಗೆ ಅದೊಂದೇ ಗುರಿ ಎಂಬಂತೆ ಕೇಳುತ್ತಿದ್ದಾರಲ್ಲ ಎಂದು ಆಲ್ಕಾಟ್ ತಮ್ಮ ದಿನಚರಿಯಲ್ಲಿ ಬೇಸರಪಟ್ಟು, ಯಾರನ್ನು ಮೆಚ್ಚಿಸುವುದಕ್ಕೂ ಜೋಳನ್ನು ಲಾರಿಗೆ ಕಟ್ಟುವುದಿಲ್ಲ ಎಂದು ಬರೆದುಕೊಂಡರು. ಜೋ ಅವಿವಾಹಿತ ಲೇಖಕಿಯಾಗಿಯೇ ಉಳಿಯಬೇಕಿತ್ತು ಎಂಬುದು ಅವರ ಮನಸ್ಸು. ಒತ್ತಾಯಕ್ಕೆ ಮಣಿದು, ಆದರೆ ಸ್ವಲ್ಪ ಹಟದಿಂದಲೇ, ಲಾರಿಯ ಬದಲು ನಡುವಯಸ್ಸಿನ ಜರ್ಮನ್ ಪ್ರೊಫೆಸರ್ ಬೇರ್ ಎಂಬಾತನ ಜೊತೆ ಅವಳ ಮದುವೆ ಮಾಡಿಸಿದರು. ಲೇಖಕಿ ಸ್ವತಃ ಮದುವೆಯಾಗಲಿಲ್ಲ. ಹೀಗೆ ಬರೆದವರೇ ಒಪ್ಪದ ಕೊನೆಯೊಂದು ನೂರೈವತ್ತು ವರ್ಷ ಓದುಗರ ಪ್ರೀತಿಯನ್ನು ಪಡೆದು ಕುಳಿತಿರುವಾಗ, ಅದನ್ನು ತೆರೆಗೆ ತರುವವರು ಯಾರಿಗೆ ನಿಷ್ಠರಾಗಿರಬೇಕು? 1933, 1949, 1994ರ ಪ್ರಸಿದ್ಧ ರೂಪಾಂತರಗಳು ಕಾದಂಬರಿಯ ಕೊನೆಯನ್ನೇ ಹಿಡಿದು ನಡೆದವು. ಗೆರ್ವಿಗ್ ಮಾತ್ರ ಪುಸ್ತಕಕ್ಕೂ ದಿನಚರಿಗೂ ಒಟ್ಟಿಗೆ ಲೆಕ್ಕ ಒಪ್ಪಿಸುವ ದಾರಿಯನ್ನು ಹುಡುಕಿದರು. ಆ ದಾರಿ ಕಥೆಯ ಕೊನೆಯಲ್ಲಿ ತೆರೆದುಕೊಂಡರೂ ಅದರ ಬುನಾದಿ ಇರುವುದು ಚಿತ್ರದ ಮೊದಲ ದೃಶ್ಯದಲ್ಲಿ.

ಚಿತ್ರದ ಕಟ್ಟಡ

ಕಾದಂಬರಿ ಕ್ರಿಸ್‌ಮಸ್ ಹಿಂದಿನ ಸಂಜೆ ಒಲೆಯ ಮುಂದೆ ನಾಲ್ವರು ಹುಡುಗಿಯರೊಂದಿಗೆ ಆರಂಭವಾಗುತ್ತದೆ. ಆಗ ಮೆಗ್‌ಗೆ 16, ಜೋಗೆ 15, ಬೆತ್‌ಗೆ 13, ಆ್ಯಮಿಗೆ 12 ವರ್ಷ. ಚಿತ್ರ ಆರಂಭವಾಗುವುದು ನ್ಯೂಯಾರ್ಕಿನ ಸಂಪಾದಕನೊಬ್ಬನ ಕಚೇರಿಯ ಬಾಗಿಲಲ್ಲಿ. ಜೋ ಬಾಗಿಲಿನ ಮುಂದೆ ತಲೆ ತಗ್ಗಿಸಿ ನಿಂತು ಧೈರ್ಯ ತಂದುಕೊಳ್ಳುತ್ತಾಳೆ, ಒಳಹೋಗಿ ತನ್ನ ಕಥೆಯನ್ನು ಗೆಳತಿಯೊಬ್ಬಳು ಬರೆದದ್ದೆಂದು ಕೊಡುತ್ತಾಳೆ. ಸಂಪಾದಕ ಡ್ಯಾಶ್‌ವುಡ್ ಪುಟಗಳ ಮೇಲೆ ಗೀಟು ಎಳೆಯುತ್ತಾ ಹೋಗಿ, ಇಂಥವಕ್ಕೆ ಸಾಮಾನ್ಯವಾಗಿ 25ರಿಂದ 30 ಡಾಲರ್ ಕೊಡುತ್ತೇವೆ, ಇದಕ್ಕೆ 20 ಎನ್ನುತ್ತಾನೆ. ಜೋ ಮರುಮಾತಿಲ್ಲದೆ ಒಪ್ಪಿ, ಬೀದಿಯುದ್ದಕ್ಕೂ ಓಡುತ್ತಾಳೆ. ಅಲ್ಲಿಂದ ಚಿತ್ರ ಪ್ಯಾರಿಸ್ಸಿನ ಆ್ಯಮಿಗೆ, ಸಂಸಾರ ಹೂಡಿದ ಮೆಗ್‌ಗೆ, ಮನೆಯಲ್ಲಿ ಪಿಯಾನೊ ನುಡಿಸುವ ಬೆತ್‌ಗೆ ಹಾಯ್ದು, ಏಳು ವರ್ಷ ಹಿಂದಕ್ಕೆ ಜಿಗಿಯುತ್ತದೆ. ಮುಂದೆ ಕೊನೆಯವರೆಗೂ ಎರಡು ಕಾಲಗಳು ಹೆಣೆದುಕೊಂಡೇ ಸಾಗುತ್ತವೆ.

ನಮ್ಮ ಗುಂಪಿಗೆ ಮೊದಲ ಅರ್ಧಗಂಟೆ ಕಷ್ಟವಾಯಿತು. ಕಥೆ ಗೊತ್ತಿದ್ದವರಿಗೂ ಯಾವುದು ಮೊದಲು ಯಾವುದು ಆಮೇಲೆ ಎಂಬುದು ತಿಳಿಯಲಿಲ್ಲ, ಏಕೆಂದರೆ ಅದೇ ನಟಿಯರು ಎರಡೂ ಕಾಲದಲ್ಲಿದ್ದಾರೆ ಮತ್ತು ಕಾಲ ಬದಲಾದಾಗಲೆಲ್ಲ ತೆರೆಯ ಮೇಲೆ ಇಸವಿ ಮೂಡುವುದಿಲ್ಲ. ಸಭಾಂಗಣದ ಪ್ರೊಜೆಕ್ಟರ್ ಹಳೆಯದು, ಪರದೆಯ ಆಚೆಯಿಂದ ಮಧ್ಯಾಹ್ನದ ಬಿಸಿಲು ನುಸುಳುತ್ತಿತ್ತು. ಛಾಯಾಗ್ರಾಹಕ ಯೋರಿಕ್ ಲೆ ಸೊ ಹಿಂದಿನ ಕಾಲಕ್ಕೆ ಕೊಟ್ಟ ಬೆಚ್ಚನೆಯ ಹೊಂಬಣ್ಣವೂ ಈಗಿನ ಕಾಲಕ್ಕೆ ಕೊಟ್ಟ ತಣ್ಣನೆಯ ನೀಲಿಯೂ ಆ ಬೆಳಕಿನಲ್ಲಿ ಒಂದೇ ಆಗಿ ಕಂಡವು. ಆದ್ದರಿಂದ ಚಿತ್ರವನ್ನು ನಿಲ್ಲಿಸಿ, ಕಿಟಕಿಗಳಿಗೆ ಹಾಸ್ಟೆಲಿನ ಕಂಬಳಿಗಳನ್ನು ಕಟ್ಟಿ, ಬಣ್ಣ ಮತ್ತು ಕೂದಲು ಎರಡನ್ನೇ ಗಮನಿಸುತ್ತಾ ನೋಡಿ ಎಂದು ಹೇಳಿ ಮತ್ತೆ ಮೊದಲಿನಿಂದ ಹಾಕಬೇಕಾಯಿತು. ಆ್ಯಮಿಯ ಹಣೆಯ ಮೇಲೆ ಕತ್ತರಿಸಿದ ಕೂದಲಿದ್ದರೆ ಬಾಲ್ಯ, ಕೂದಲನ್ನು ಎತ್ತಿ ಕಟ್ಟಿದ್ದರೆ ಯೌವನ. ಯುದ್ಧಕಾಲದಲ್ಲಿ ಕಾಯಿಲೆಬಿದ್ದ ತಂದೆಯ ಬಳಿಗೆ ಹೊರಟ ತಾಯಿಯ ಖರ್ಚಿಗೆಂದು ಜೋ ತನ್ನ ಕೂದಲನ್ನು 25 ಡಾಲರಿಗೆ ಮಾರಿಕೊಂಡಿರುತ್ತಾಳಾದ್ದರಿಂದ ಅವಳ ತಲೆಯೂ ಕಾಲವನ್ನು ಹೇಳುತ್ತದೆ. ಇಷ್ಟು ಸಿಕ್ಕಿದ ಮೇಲೆ ಯಾರಿಗೂ ದಾರಿ ತಪ್ಪಲಿಲ್ಲ. ಕಥೆಯನ್ನು ಹಿಂದುಮುಂದಾಗಿ ಹೇಳುವ ಚಿತ್ರ ಸಾಮಾನ್ಯ ಪ್ರೇಕ್ಷಕರಿಗೆ ಆಗಿಬರುವುದಿಲ್ಲ ಎಂದು ಗೊಣಗುವ ಹಿರಿಯರು ಒಮ್ಮೆ ಕಿಟಕಿ ಮುಚ್ಚಿ ನೋಡುವುದು ಒಳ್ಳೆಯದು.

ಈ ಹೆಣಿಗೆಯ ಲಾಭ ಅತ್ಯಂತ ಸ್ಪಷ್ಟವಾಗಿ ಕಾಣುವುದು ಬೆತ್‌ಳ ಭಾಗದಲ್ಲಿ. ಬಡ ಹಮ್ಮೆಲ್ ಕುಟುಂಬದ ಮಗುವನ್ನು ಆರೈಕೆ ಮಾಡಲು ಹೋಗಿ ಸ್ಕಾರ್ಲೆಟ್ ಜ್ವರ ಹತ್ತಿಸಿಕೊಂಡ ಬೆತ್ ಬಾಲ್ಯದಲ್ಲಿ ಒಮ್ಮೆ ಬದುಕುಳಿಯುತ್ತಾಳೆ, ವರ್ಷಗಳ ನಂತರ ಉಳಿಯುವುದಿಲ್ಲ. ಎರಡೂ ಸಲ ಜೋ ಎಚ್ಚರಗೊಂಡು ಪಕ್ಕದ ಹಾಸಿಗೆ ಖಾಲಿ ಇರುವುದನ್ನು ನೋಡಿ ಮೆಟ್ಟಿಲಿಳಿದು ಬರುತ್ತಾಳೆ. ಮೊದಲ ಸಲ ಅಡುಗೆಮನೆಯ ಮೇಜಿನ ಬಳಿ ಬೆತ್ ಕುಳಿತಿರುತ್ತಾಳೆ. ಎರಡನೆಯ ಸಲ ತಾಯಿ ಒಬ್ಬಳೇ. ಪುಸ್ತಕದಲ್ಲಿ ನೂರಾರು ಪುಟ ದೂರವಿರುವ ಎರಡು ಘಟನೆಗಳು ಇಲ್ಲಿ ಒಂದರ ಬೆನ್ನಿಗೆ ಇನ್ನೊಂದು ಬಂದು, ಮೊದಲನೆಯ ಸಂತೋಷವನ್ನು ಎರಡನೆಯದರ ಭಯದೊಂದಿಗೇ ನೋಡುವಂತೆ ಮಾಡುತ್ತವೆ.

ಆ್ಯಮಿಯನ್ನು ಮೊದಲು ಎಲ್ಲಿ ಕಾಣುತ್ತೇವೆ

ಆ್ಯಮಿಯ ವಿಷಯದಲ್ಲೂ ಇದೇ ಹೆಣಿಗೆ ಕೆಲಸ ಮಾಡಿದೆ. ಕಾದಂಬರಿಯ ಓದುಗರು ಅವಳನ್ನು ಹನ್ನೆರಡರ ಹಟಮಾರಿಯಾಗಿ ಮೊದಲು ಕಾಣುತ್ತಾರೆ. ಹಸ್ತಪ್ರತಿ ಸುಟ್ಟವಳೆಂಬ ಸಿಟ್ಟು ಮನಸ್ಸಿನಲ್ಲಿ ಕುಳಿತ ಬಹಳ ದಿನಗಳ ಮೇಲೆ ಅವಳು ದೊಡ್ಡವಳಾಗುತ್ತಾಳೆ, ಅಷ್ಟು ಹೊತ್ತಿಗೆ ಅವಳು ಏನು ಮಾಡಿದರೂ ಆ ಸಿಟ್ಟಿನ ಮೂಲಕವೇ ಕಾಣಿಸುತ್ತದೆ. ಚಿತ್ರದ ಪ್ರೇಕ್ಷಕರು ಮೊದಲು ಕಾಣುವುದು ಪ್ಯಾರಿಸ್ಸಿನಲ್ಲಿ ಚಿತ್ರಕಲೆ ಕಲಿಯುತ್ತಿರುವ, ತಂದೆಯ ಕಡೆಯ ಮಾರ್ಚ್ ಅತ್ತೆಯ ಜೊತೆ ಗಾಡಿಯಲ್ಲಿ ಹೋಗುವಾಗ ಲಾರಿಯನ್ನು ಕಂಡು ಕೂಗಿ ಕೆಳಗಿಳಿಯುವ ಯುವತಿಯನ್ನು. ಫ್ಲಾರೆನ್ಸ್ ಪ್ಯೂ ಎರಡೂ ವಯಸ್ಸನ್ನು ತಾವೇ ಅಭಿನಯಿಸಿದ್ದಾರೆ, ಆ ಪಾತ್ರಕ್ಕೆ ಪೋಷಕ ನಟಿ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನವನ್ನೂ ಪಡೆದರು. ಶಾಲೆಯಲ್ಲಿ ಬೆತ್ತದೇಟು ತಿಂದು ಅಳುವ ಹುಡುಗಿಯ ದಪ್ಪ ದನಿಯನ್ನೂ ಪ್ಯಾರಿಸ್ಸಿನ ಯುವತಿಯ ತಗ್ಗಿದ ದನಿಯನ್ನೂ ಬೇರೆಬೇರೆ ಮಾಡಿದ ರೀತಿಯನ್ನು ಹಲವು ಟಿಪ್ಪಣಿಗಳು ಗುರುತಿಸಿದವು.

ಹಾಗಾದರೆ ನಟಿಯ ಮೋಡಿಯೇ ಸಾಕಾದ ಕಾರಣವೇ? ಅಷ್ಟೇ ಆಗಿದ್ದರೆ ಟಿಪ್ಪಣಿಗಳು ಆ್ಯಮಿಯ ಚೆಲುವು, ನಗು, ಬಟ್ಟೆಗಳ ಬಗ್ಗೆ ಇರಬೇಕಿತ್ತು. ಅವುಗಳಲ್ಲಿ ಹೆಚ್ಚಿನವು ಒಂದೇ ದೃಶ್ಯವನ್ನು ಉಲ್ಲೇಖಿಸಿದ್ದವು: ಪ್ಯಾರಿಸ್ಸಿನ ಚಿತ್ರಶಾಲೆಯಲ್ಲಿ ಆ್ಯಮಿ ಲಾರಿಗೆ ಹೇಳುವ ಮಾತು.

ಆ ದೃಶ್ಯವನ್ನು ನಾವು ಎರಡನೆಯ ಸಲವೂ ಹಾಕಿ ನೋಡಿದೆವು. ತಾನು ಕಲೆಯಲ್ಲಿ ಮೇರುಸ್ಥಾನಕ್ಕೆ ಏರಬೇಕು, ಇಲ್ಲದಿದ್ದರೆ ಏನೂ ಆಗಬಾರದು ಎಂದು ಹೊರಟವಳು, ತನ್ನಲ್ಲಿರುವುದು ಪ್ರತಿಭೆ ಮಾತ್ರ, ಅಸಾಧಾರಣ ಮೇಧಾವಿತನವಲ್ಲ ಎಂದು ಕಂಡುಕೊಂಡು ಕುಂಚವನ್ನು ಕೆಳಗಿಡಲು ಹೊರಟಿದ್ದಾಳೆ. ಶ್ರೀಮಂತ ಫ್ರೆಡ್ ವಾನ್‌ನನ್ನು ಮದುವೆಯಾಗುವ ಯೋಚನೆಯಲ್ಲಿದ್ದಾಳೆ. ಲಾರಿ ಅದನ್ನು ಹಗುರವಾಗಿ ಆಡಿದಾಗ, ಅವಳು ದನಿ ಏರಿಸದೆ ಲೆಕ್ಕ ಒಪ್ಪಿಸುತ್ತಾಳೆ: ಹೆಣ್ಣಾದ ತಾನು ಮನೆಮಂದಿಯನ್ನು ಸಾಕುವಷ್ಟು ಸಂಪಾದಿಸುವ ದಾರಿ ಇಲ್ಲ, ತನ್ನದೆಂಬ ಹಣವಿದ್ದರೂ ಮದುವೆಯಾದ ಗಳಿಗೆಗೆ ಅದು ಗಂಡನದಾಗುತ್ತದೆ, ಮಕ್ಕಳಾದರೆ ಅವರೂ ಅವನ ಸ್ವತ್ತು, ಆದ್ದರಿಂದ ಮದುವೆ ಎಂಬುದು ಹಣಕಾಸಿನ ವ್ಯವಹಾರವಲ್ಲ ಎಂದು ತನ್ನ ಮುಂದೆ ಕೂತು ಹೇಳಬಾರದು. ಇಷ್ಟು ಹೇಳಿ ಮುಗಿಸಿದ ಮೇಲೆ, ಬಣ್ಣ ತಾಗದಂತೆ ತೊಟ್ಟ ಮೇಲಂಗಿಯ ಗುಂಡಿ ಬಿಚ್ಚಿಕೊಡು ಎಂದು ಲಾರಿಗೆ ಬೆನ್ನು ತಿರುಗಿಸುತ್ತಾಳೆ. ಹೊರಗೆ ಫ್ರೆಡ್‌ನ ಗಾಡಿ ಬಂದಿದೆ. ಪ್ರೀತಿಯ ಸಂಗತಿ ಅವಳಿಗೆ ಗೊತ್ತಿಲ್ಲವೆಂದಲ್ಲ, ಗೊತ್ತಿದ್ದೂ ಅದನ್ನು ಲೆಕ್ಕದ ಹೊರಗಿಟ್ಟು ಮಾತಾಡಿದ್ದಾಳೆ ಎಂಬುದು ಗುಂಡಿ ಬಿಚ್ಚುವ ಆ ಮೌನದಿಂದ ಪ್ರೇಕ್ಷಕರಿಗೆ ತಿಳಿಯುತ್ತದೆ. ಮಾತಿಗಿಂತ ಆ ಗುಂಡಿಗಳೇ ಹೆಚ್ಚು ಹೇಳುತ್ತವೆ ಎಂಬುದು ನನ್ನ ಅಭಿಪ್ರಾಯ, ತರಗತಿ ಒಪ್ಪಲಿಲ್ಲ.

ಈ ಮಾತು ಕಾದಂಬರಿಯಲ್ಲಿ ಇದ್ದ ಹಾಗೇ ಇಲ್ಲ. ಆ ಕಾಲದ ಹೆಣ್ಣುಮಕ್ಕಳಿಗೆ ಯಾವುದರ ಮೇಲೂ ಹಕ್ಕಿರಲಿಲ್ಲ ಎಂಬುದು ಪ್ರೇಕ್ಷಕರಿಗೆ ಅರ್ಥವಾಗಬೇಕು ಎಂದು ಮಾರ್ಚ್ ಅತ್ತೆಯ ಪಾತ್ರ ಮಾಡಿದ ಮೆರಿಲ್ ಸ್ಟ್ರೀಪ್ ಒತ್ತಾಯಿಸಿದ್ದರಿಂದ ಅದು ಸೇರಿತೆಂದು ಗೆರ್ವಿಗ್ ಹೇಳಿದ್ದಾರೆ. ಆದರೆ ಬೀಜ ಕಾದಂಬರಿಯಲ್ಲಿದೆ: ಯುರೋಪಿನಿಂದ ಮನೆಗೆ ಬರೆದ ಪತ್ರದಲ್ಲಿ ಆ್ಯಮಿ, ನಮ್ಮಲ್ಲಿ ಒಬ್ಬರಾದರೂ ಸ್ಥಿತಿವಂತರ ಮನೆ ಸೇರಬೇಕು, ಮೆಗ್ ಸೇರಲಿಲ್ಲ, ಜೋ ಸೇರುವವಳಲ್ಲ, ಬೆತ್‌ಗೆ ಆಗದು, ಆದ್ದರಿಂದ ನಾನೇ ಆ ಕೆಲಸ ಮಾಡುತ್ತೇನೆ ಎಂಬರ್ಥದ ಮಾತು ಬರೆಯುತ್ತಾಳೆ. ನಮ್ಮ ಗುಂಪು ಅದನ್ನು ಓದುವಾಗ ದುರಾಸೆ ಎಂದು ಬರೆದುಕೊಂಡಿತ್ತು. ಚಿತ್ರದಲ್ಲಿ ಅತ್ತೆ ಪುಟ್ಟ ಆ್ಯಮಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಈ ಕುಟುಂಬಕ್ಕೆ ಇನ್ನು ನೀನೇ ದಿಕ್ಕು ಎಂದು ಹೇಳುವುದನ್ನು ಕಂಡ ಮೇಲೆ, ದುರಾಸೆಯೆಂದು ಬರೆದವರಲ್ಲೇ ಒಬ್ಬಳು ಅದನ್ನು 'ಹೊರೆ' ಎಂದು ತಿದ್ದಿದಳು. ಅಷ್ಟು ಚಿಕ್ಕವಳ ತಲೆಯ ಮೇಲೆ ಮನೆಯ ಸಾಲವನ್ನು ಹೊರಿಸಿದವರು ದೊಡ್ಡವರು, ಬೈಸಿಕೊಳ್ಳುವವಳು ಅವಳು ಎಂದು ಅವಳ ವಾದ.

ಇದೇ ಅತ್ತೆ, ಹೆಣ್ಣು ತಾನೇ ದುಡಿದು ಬದುಕಲು ಉಳಿದಿರುವ ದಾರಿಗಳ ಪಟ್ಟಿಯಲ್ಲಿ ನಾಟಕರಂಗವನ್ನು ಸೂಳೆಗಾರಿಕೆಯ ಪಕ್ಕದಲ್ಲಿ ಇಟ್ಟು ತಿರಸ್ಕರಿಸಿದಾಗ ಸಭಾಂಗಣದಲ್ಲಿ ನಗು ಎದ್ದಿತು. ಸುಭದ್ರಮ್ಮ ಮನ್ಸೂರರಂಥ ನಟಿಯರು ರಂಗದ ಮೇಲೆ ನಿಂತು ಹೆಸರನ್ನೂ ಬದುಕನ್ನೂ ಕಟ್ಟಿಕೊಂಡ ಬಳ್ಳಾರಿಯಲ್ಲಿ ಅದು ನಗಬೇಕಾದ ಮಾತೇ.

ಹೊಲದ ಪಾಲು, ಪೀಸಿನ ಕೂಲಿ

ಆ್ಯಮಿಯ ಲೆಕ್ಕ ಈ ಗುಂಪಿಗೆ ಬೇಗ ಅರ್ಥವಾದದ್ದು ಇತಿಹಾಸದ ಓದಿನಿಂದಲ್ಲ. ದೃಶ್ಯ ಮುಗಿದು ದೀಪ ಹಾಕಿದಾಗ ಸಿರುಗುಪ್ಪ ಕಡೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದು ಇಷ್ಟು: "ನಮ್ಮಕ್ಕನ್ನ ಹೋದ ವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿ ಸೈನ್ ಹಾಕಿಸಿದ್ರು ಸರ್. ಒಂದು ಸೀರಿ ಕೊಟ್ರು. ಆಕಿ ಕೇಳಿದ್ರ ದುರಾಸಿ ಅಂತಿದ್ರು." ಕಾಲುವೆ ನೀರು ಬರುವ ಹೊಲದಲ್ಲಿ ತನಗಿದ್ದ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು ಬರೆದ ಹಕ್ಕು ಬಿಡುಗಡೆ ಪತ್ರದ ಮಾತು ಅದು. ಅವಳ ಬೆನ್ನಿಗೆ ಇನ್ನೂ ಕೆಲವರು ತಮ್ಮ ಮನೆಯ ಇಂಥವೇ ಸಂಗತಿಗಳನ್ನು ಹೇಳಿದರು, ಅವನ್ನಿಲ್ಲಿ ಬರೆಯುವುದು ಸರಿಯಲ್ಲ.

ಕಾನೂನು ಬೇರೆಯೇ ಹೇಳುತ್ತದೆ. ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು, ಅದಕ್ಕೆ ಮೊದಲು ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯ ದಿನಾಂಕದ ಆ ಷರತ್ತಿಲ್ಲದೆ ಮಗಳಿಗೂ ಹುಟ್ಟಿನಿಂದಲೇ ಹಕ್ಕು ನೀಡಿತು. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಮುಸ್ಲಿಂ ವಿದ್ಯಾರ್ಥಿನಿಯರಿಗೆ ಅನ್ವಯಿಸುವ ವೈಯಕ್ತಿಕ ಕಾನೂನಿನಲ್ಲಿ ಮಗಳಿಗೆ ಮಗನ ಅರ್ಧದಷ್ಟು ಪಾಲು ಮೊದಲಿನಿಂದಲೂ ಇದೆ. ಕಾಗದದ ಮೇಲೆ ಆ್ಯಮಿಯ ಸ್ಥಿತಿ ಇವರದಲ್ಲ. ಆದರೆ ತವರು ಬೇಕೋ ಹೊಲ ಬೇಕೋ ಎಂಬ ಪ್ರಶ್ನೆಯನ್ನು ಎದುರಿಗಿಟ್ಟರೆ ಹಬ್ಬಕ್ಕೆ ಕರೆಯುವವರು ಇಲ್ಲವಾದಾರೆಂಬ ಹೆದರಿಕೆಯಿಂದ ಸಹಿ ಬೀಳುತ್ತದೆ. ತನಗೆ ಸಲ್ಲಬೇಕಾದುದನ್ನು ಕೇಳಿದ ಹೆಣ್ಣು ದುರಾಸೆಯವಳೆನಿಸಿಕೊಳ್ಳುವ ಊರಿನಲ್ಲಿ ಕೂತು ನೋಡಿದವರು, ದುರಾಸೆಯವಳೆಂದು ತಾವೇ ಬರೆದುಕೊಟ್ಟ ಆ್ಯಮಿಯ ಕಡೆಗೆ ತಿರುಗಿ ನೋಡಿದ್ದು ಇದರಿಂದ.

ಎರಡನೆಯ ತಿರುವು ಕೌಲ್ ಬಜಾರಿನ ಕಡೆಯಿಂದ ಬಂತು, ಅದು ಆ್ಯಮಿಯಿಂದ ಜೋ ಕಡೆಗೆ ದಾರಿ ಮಾಡಿತು. ಚಿತ್ರದ ಕೊನೆಯಲ್ಲಿ ಜೋ ಮತ್ತೆ ಡ್ಯಾಶ್‌ವುಡ್‌ನ ಮುಂದೆ ಕೂತಿದ್ದಾಳೆ. ಅವನು ಮೊದಲು ಬದಿಗಿಟ್ಟಿದ್ದ ಹಸ್ತಪ್ರತಿಯನ್ನು ಅವನ ಹೆಣ್ಣುಮಕ್ಕಳು ಓದಿ, ಮುಂದೇನಾಯಿತು ಎಂದು ಪೀಡಿಸಿದ್ದಾರೆ. ನಾಯಕಿ ಯಾರನ್ನು ಮದುವೆಯಾಗುತ್ತಾಳೆ ಎಂದು ಅವನು ಕೇಳುತ್ತಾನೆ. ಯಾರನ್ನೂ ಇಲ್ಲ ಎಂದರೆ ಒಪ್ಪುವುದಿಲ್ಲ, ಅಂಥ ಪುಸ್ತಕ ಯಾರೂ ಕೊಳ್ಳುವುದಿಲ್ಲ ಎನ್ನುತ್ತಾನೆ. ನಾಯಕಿಯನ್ನು ಹಣಕ್ಕಾಗಿ ಮದುವೆಗೆ ಮಾರುವುದೇ ಆದರೆ ಆ ಹಣದಲ್ಲಿ ತನಗೂ ಪಾಲಿರಲಿ ಎಂದು ಜೋ ಚೌಕಾಸಿಗೆ ಇಳಿಯುತ್ತಾಳೆ. ಅವನು 5 ಶೇಕಡಾ ಗೌರವಧನದಿಂದ ಆರಂಭಿಸುತ್ತಾನೆ, ಇವಳು 10 ಎನ್ನುತ್ತಾಳೆ, 6.6ಕ್ಕೆ ಕುದುರುತ್ತದೆ. ಕೃತಿಸ್ವಾಮ್ಯವನ್ನು 500 ಡಾಲರಿಗೆ ಬರೆದುಕೊಡು ಎಂಬ ಮಾತಿಗೆ ಮಾತ್ರ ಅವಳು ಬಗ್ಗುವುದಿಲ್ಲ: ತನ್ನ ಪುಸ್ತಕ ತನ್ನದೇ ಆಗಿರಬೇಕು. ಈ ಮಾತುಕತೆಯ ನಡುನಡುವೆ ಮಳೆಯಲ್ಲಿ ಓಡಿ, ಕೊಡೆಯ ಕೆಳಗೆ ಬೇರ್‌ನನ್ನು ಮುತ್ತಿಡುವ ದೃಶ್ಯ ಬಂದುಹೋಗುತ್ತದೆ. ಅದು ನಡೆದದ್ದೋ, ಸಂಪಾದಕನಿಗೆ ಬರೆದುಕೊಟ್ಟದ್ದೋ ಎಂಬುದನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ.

ತಾಯಿ ಮನೆಯಲ್ಲೇ ಜೀನ್ಸ್ ಹೊಲಿಯುವ ವಿದ್ಯಾರ್ಥಿನಿಯೊಬ್ಬಳು ಈ ಚೌಕಾಸಿಯನ್ನು ಮೊದಲ ದೃಶ್ಯದ 20 ಡಾಲರಿಗೆ ಜೋಡಿಸಿದಳು. ಕತ್ತರಿಸಿದ ಬಟ್ಟೆಯ ಬಂಡಲ್ಲು ಮನೆಗೆ ಬರುತ್ತದೆ, ಜೇಬಿಗೆ ಇಷ್ಟು, ಬೆಲ್ಟು ಪಟ್ಟಿಗೆ ಇಷ್ಟು ಎಂದು ಪೀಸಿನ ಲೆಕ್ಕದಲ್ಲಿ ಕೂಲಿ, ಹೊಲಿಗೆ ಸೊಟ್ಟ ಎಂದರೆ ಅದರಲ್ಲೂ ಕಡಿತ. ಮೊದಲ ದೃಶ್ಯದ ಜೋಗೆ ಸಿಕ್ಕಿದ್ದು ಅಂಥದೇ ಪೀಸಿನ ಕೂಲಿ, ಕಡಿತದ ಸಮೇತ. ಕೊನೆಗೆ ಅವಳು ಕೇಳಿದ್ದು ಮಾರಾಟವಾದ ಪ್ರತಿಯೊಂದು ಪುಸ್ತಕದಲ್ಲೂ ಪಾಲು. "ಹೊಲಿದಾಕಿ ಹೆಸರು ಲೇಬಲ್ ಮ್ಯಾಲೆ ಇರಂಗಿಲ್ಲ, ಇಲ್ಲಿ ಇಟ್ಕೊಂಡಾಳ" ಎಂದಳು. ಅಚ್ಚಾದ ಹಾಳೆಗಳನ್ನು ಮಡಿಸಿ, ಸೂಜಿದಾರದಿಂದ ಹೊಲಿದು, ತೊಗಲಿನ ರಟ್ಟು ಹಾಕಿ, ಚಿನ್ನದ ಅಕ್ಷರ ಒತ್ತುವ ಕೊನೆಯ ದೃಶ್ಯಸರಣಿಯನ್ನು ಗಾಜಿನಾಚೆಯಿಂದ ಜೋ ನೋಡುತ್ತ ನಿಲ್ಲುತ್ತಾಳೆ. ಆ ಹೊಲಿಗೆಯನ್ನು ಅಷ್ಟು ಶ್ರದ್ಧೆಯಿಂದ ನೋಡಿದವರು ತರಗತಿಯಲ್ಲಿ ಬೇರೊಬ್ಬರಿರಲಿಲ್ಲ. ಚಿತ್ರಕ್ಕೆ ಬಂದ ಆರು ಆಸ್ಕರ್ ನಾಮನಿರ್ದೇಶನಗಳಲ್ಲಿ ಗೆದ್ದದ್ದು ಜಾಕ್ವೆಲಿನ್ ಡರನ್ ಅವರ ವಸ್ತ್ರವಿನ್ಯಾಸವೊಂದೇ ಎಂದು ತಿಳಿದಾಗ ಅವಳಿಗೆ ಅದು ನ್ಯಾಯವಾಗಿಯೇ ಕಂಡಿತು.

ಇಲ್ಲಿ ಚಿತ್ರ ಇತಿಹಾಸವನ್ನು ಬದಲಿಸಿದ ಒಂದು ಕಡೆಯನ್ನು ಹೇಳಬೇಕು. ಆಲ್ಕಾಟ್‌ಗೆ ಸಿಕ್ಕ ಗೌರವಧನ ಸುಮಾರು ಅಷ್ಟೇ, 6.66 ಶೇಕಡಾ, ಕೃತಿಸ್ವಾಮ್ಯವನ್ನು ಅವರು ಉಳಿಸಿಕೊಂಡದ್ದೂ ನಿಜ. ಆದರೆ ಹಾಗೆ ಉಳಿಸಿಕೊಳ್ಳಿ ಎಂದು ಸಲಹೆ ಕೊಟ್ಟವರು ಪ್ರಕಾಶಕ ನೈಲ್ಸ್ ಅವರೇ, ಆ ಸಲಹೆಯಿಂದಲೇ ತಮಗೆ ಸಂಪತ್ತು ಬಂತೆಂದು ಆಲ್ಕಾಟ್ ಮುಂದೆ ಕೃತಜ್ಞತೆಯಿಂದ ಬರೆದರು. ಚಿತ್ರ ಆ ಪ್ರಾಮಾಣಿಕ ಪ್ರಕಾಶಕನನ್ನು ಚೌಕಾಸಿ ಮಾಡುವ ಡ್ಯಾಶ್‌ವುಡ್ ಆಗಿಸಿ, ಗೆಲುವನ್ನು ಪೂರ್ತಿಯಾಗಿ ಜೋಳ ಕೈಗೆ ಕೊಟ್ಟಿದೆ. ನೈಲ್ಸ್‌ಗೆ ಇದರಿಂದ ಅನ್ಯಾಯವಾಗಿದೆ, ನಾಟಕಕ್ಕೆ ಲಾಭವಾಗಿದೆ. ಕೇಳಿ ಪಡೆದ ಪಾಲನ್ನು ನೋಡುವುದು ಈ ಪ್ರೇಕ್ಷಕರಿಗೆ ಅಗತ್ಯವಿತ್ತು ಎಂದು ತಿಳಿದಿದ್ದರಿಂದ ನಾನು ಇತಿಹಾಸದ ಈ ಭಾಗವನ್ನು ಚರ್ಚೆ ಮುಗಿದ ಮೇಲಷ್ಟೇ ಹೇಳಿದೆ.

ಆ ಹಣ ಎಲ್ಲಿಗೆ ಹೋಯಿತು ಎಂಬುದನ್ನು ಹೇಳಿದಾಗ ತರಗತಿ ಹೆಚ್ಚು ಆಸಕ್ತಿ ತೋರಿತು. ಮನೆಯ ಸಾಲ ತೀರಿದ್ದಷ್ಟೇ ಅಲ್ಲದೆ, ಕಿರಿಯ ತಂಗಿ ಮೇ ಯುರೋಪಿನಲ್ಲಿ ಚಿತ್ರಕಲೆ ಕಲಿತದ್ದು ಅಕ್ಕನ ಪುಸ್ತಕದ ಹಣದಿಂದ. ಕಾದಂಬರಿಯ ಆ್ಯಮಿ ಕುಂಚ ಕೆಳಗಿಟ್ಟಳು. ನಿಜವಾದ ಆ್ಯಮಿಯ ಚಿತ್ರ 1877ರಲ್ಲಿ ಪ್ಯಾರಿಸ್ ಸಲೋನ್ ಪ್ರದರ್ಶನಕ್ಕೆ ಆಯ್ಕೆಯಾಯಿತು. 1879ರಲ್ಲಿ, ಹೆರಿಗೆಯಾದ ಕೆಲವೇ ವಾರಗಳಲ್ಲಿ ಮೇ ತೀರಿಕೊಂಡಾಗ ಅವಳ ಮಗಳನ್ನು ಲೂಯಿಸಾ ತಮ್ಮ ಬಳಿಗೆ ಕರೆಸಿಕೊಂಡು ಸಾಕಿದರು.

ಒಪ್ಪದವರು

ಟಿಪ್ಪಣಿಗಳಲ್ಲಿ ಬದಲಾಗದ ದನಿಗಳೂ ಇದ್ದವು, ಅವನ್ನು ಅಲ್ಪಸಂಖ್ಯೆ ಎಂದು ಬದಿಗೆ ಸರಿಸುವಂತಿಲ್ಲ. ಸಂಡೂರು ಕಡೆಯ ವಿದ್ಯಾರ್ಥಿನಿಯೊಬ್ಬಳು, ಸ್ವತಃ ಕವಿತೆ ಬರೆಯುವವಳು, ಹಸ್ತಪ್ರತಿ ಸುಟ್ಟ ದೃಶ್ಯವನ್ನು ಬಿಟ್ಟು ಮುಂದಕ್ಕೆ ಬರಲು ಒಪ್ಪಲಿಲ್ಲ. ಕಾದಂಬರಿಯಲ್ಲಿ ಆ್ಯಮಿ ಪುಸ್ತಕವನ್ನು ಸುಟ್ಟೆ ಎಂದು ಹೇಳುವುದಷ್ಟೇ ಇದೆ, ಚಿತ್ರ ಅವಳು ಹಾಳೆಗಳನ್ನು ನಿಧಾನವಾಗಿ ಬೆಂಕಿಗೆ ಕೊಡುವುದನ್ನು ತೋರಿಸುತ್ತದೆ. ಹಾಗೆ ತೋರಿಸಿದ ಮೇಲೂ ಕ್ಷಮಿಸಿ ಎಂದು ಕೇಳುವುದು ಪ್ರೇಕ್ಷಕರ ಮೇಲಿನ ದಬ್ಬಾಳಿಕೆ ಎಂದು ಅವಳು ಬರೆದಳು. ಹಣದ ಕಷ್ಟ ಪ್ಯಾರಿಸ್ಸಿನ ಆ್ಯಮಿಗೆ ಸಮರ್ಥನೆಯಾಗಬಹುದು, ಬೆಂಕಿಯ ಮುಂದಿನ ಆ್ಯಮಿಗೆ ಆಗುವುದಿಲ್ಲ ಎಂಬ ಅವಳ ವಾದಕ್ಕೆ ತರಗತಿಯಲ್ಲಿ ಸರಿಯಾದ ಉತ್ತರ ಬರಲಿಲ್ಲ, ನನ್ನಲ್ಲೂ ಇಲ್ಲ. ಮುಂದೆ ಹೆಪ್ಪುಗಟ್ಟಿದ ನೀರಿನ ಮೇಲಿನ ಹಿಮ ಒಡೆದು ಆ್ಯಮಿ ನೀರಿಗೆ ಬೀಳುವುದನ್ನು ಅದಕ್ಕೆ ಶಿಕ್ಷೆ ಎಂದು ಕೆಲವರು ಹೇಳಿದರೆ, ಕಾಲುವೆ ಪಾಲಾದ ಮಕ್ಕಳ ಸುದ್ದಿ ಕೇಳಿ ಬೆಳೆದ ಕಂಪ್ಲಿ, ಸಿರುಗುಪ್ಪದವರು ಯಾವ ಮಗುವಿಗೂ ಅದು ಶಿಕ್ಷೆಯಾಗಲಾರದು ಎಂದು ಸಿಟ್ಟಾದರು.

ಇನ್ನೊಬ್ಬಳದು ಚಿತ್ರದ ಮೇಲಿನ ಆಕ್ಷೇಪ. ಕೊಡೆಯ ಕೆಳಗಿನ ಮುತ್ತನ್ನೂ ತೋರಿಸಿ, ಅದು ಸುಳ್ಳಿರಬಹುದು ಎಂದೂ ಹೇಳುವುದು ಎರಡೂ ಕಡೆಯ ಗಿರಾಕಿಗಳನ್ನು ಉಳಿಸಿಕೊಳ್ಳುವ ವ್ಯಾಪಾರ ಎಂದು ಅವಳ ದೂರು. ಲೂಯಿ ಗ್ಯಾರೆಲ್‌ನಂಥ ಚೆಲುವನನ್ನು ಬೇರ್ ಪಾತ್ರಕ್ಕೆ ತಂದದ್ದು ಆ ವ್ಯಾಪಾರದ ಭಾಗವೇ ಎಂದು ಕೂಡ ಸೇರಿಸಿದಳು. ಆಲ್ಕಾಟ್ ಹಟದಿಂದ ನಡುವಯಸ್ಸಿನವನನ್ನು ಆರಿಸಿದ್ದರಲ್ಲಿ ಇದ್ದ ಕುಚೋದ್ಯ ಅದರಿಂದ ಕಳೆದುಹೋಯಿತಂತೆ. ಈ ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಮುಂದಿನ ತಂಡಕ್ಕೆ

ಟಿಪ್ಪಣಿಗಳನ್ನು ಜೋಡಿಸಿ ನೋಡಿದರೆ, ತೀರ್ಪು ತಿರುಗಿದ್ದಕ್ಕೆ ದೃಶ್ಯಗಳ ಕ್ರಮ ದಾರಿ ಮಾಡಿಕೊಟ್ಟಿತು, ಚಿತ್ರಶಾಲೆಯ ಮಾತು ಕಾರಣ ಕೊಟ್ಟಿತು, ಆ ಕಾರಣಕ್ಕೆ ತೂಕ ಬಂದದ್ದು ಪ್ರೇಕ್ಷಕರ ಮನೆಗಳಿಂದ. ಆದರೆ ಈ ಮೂರರಲ್ಲಿ ಯಾವುದು ಎಷ್ಟು ಎಂದು ಒಂದೇ ಗುಂಪಿನಿಂದ ಬೇರ್ಪಡಿಸಿ ಹೇಳಲಾಗದು, ಏಕೆಂದರೆ ಎಲ್ಲರೂ ಕಾದಂಬರಿ ಓದಿಯೇ ಚಿತ್ರಕ್ಕೆ ಬಂದಿದ್ದರು, ಆ್ಯಮಿಯ ಮೇಲಿನ ಸಿಟ್ಟನ್ನು ಜೊತೆಗೇ ತಂದಿದ್ದರು. ಮುಂದಿನ ವರ್ಷದ ತಂಡಕ್ಕೆ ಕ್ರಮವನ್ನು ತಿರುಗಿಸಿ, ಚಿತ್ರವನ್ನು ಮೊದಲು ತೋರಿಸಿ ಕಾದಂಬರಿಯನ್ನು ಆಮೇಲೆ ಕೊಡುವುದೆಂದು ನಿರ್ಧರಿಸಲಾಗಿದೆ. ಆಲ್ಕಾಟ್ ಅವರ ದಿನಚರಿಯ ಮಾತನ್ನು ಎರಡೂ ಮುಗಿಯುವವರೆಗೆ ಹೇಳುವುದಿಲ್ಲ. ಪ್ಯಾರಿಸ್ಸಿನ ಆ್ಯಮಿಯನ್ನು ಮೊದಲು ಕಂಡು, ಹನ್ನೆರಡರ ಆ್ಯಮಿಯನ್ನು ಪುಟಗಳಲ್ಲಿ ಆಮೇಲೆ ಭೇಟಿಯಾಗುವವರು ಸುಟ್ಟ ಹಸ್ತಪ್ರತಿಯ ಬಗ್ಗೆ ಏನು ಬರೆಯುತ್ತಾರೆ ಎಂಬುದನ್ನು ನೋಡಬೇಕಿದೆ. ಸಂಡೂರಿನ ವಿದ್ಯಾರ್ಥಿನಿ ಆ ಟಿಪ್ಪಣಿಗಳನ್ನು ಮೊದಲು ತನಗೇ ಓದಲು ಕೊಡಬೇಕೆಂದು ಕೇಳಿದ್ದಾಳೆ.